ದಂಡದಿಂದ ಭೇದಕ್ಕೆ: ‘ಗರುಡ ಗಮನ ವೃಷಭ ವಾಹನ’ ಚಿತ್ರದ ವಿವೇಚನೆ

1

ರಾಜನೀತಿಯನ್ನು ಬಲ್ಲ ನಮ್ಮ ಪೂರ್ವಿಕರು ಉಪಾಯಗಳನ್ನು ಸಾಮ, ದಾನ, ಭೇದ, ದಂಡ ಎಂದು ನಾಲ್ಕಾಗಿ ಎಣಿಸಿದರು. ಇವುಗಳಲ್ಲಿ ದಂಡವು ಎಲ್ಲರ ಕಣ್ಣೆದುರಿಗೆ ನಡೆಯತಕ್ಕದ್ದು. ತಪ್ಪು ಯಾವುದು, ತಪ್ಪಿತಸ್ಥನಾರು, ವಿಧಿಸಿದವನಾರು ಎಂಬ ಮೂರು ಸಂಗತಿಗಳೂ ಅಲ್ಲಿ ಬಯಲಾಗಿರುತ್ತವೆ. ಭೇದವಾದರೋ ಮರೆಯಲ್ಲಿ ನಡೆಯುವ ಕಾರ್ಯ. ಅದನ್ನು ಹೂಡಿದವನು ಕಾಣಿಸಿಕೊಳ್ಳದೆ ಇರುವುದೇ ಅದರ ಯಶಸ್ಸಿಗೆ ಮೂಲ. ಪ್ರಜೆಗಳ ರಕ್ಷಣೆಗೆಂದು ನೇಮಕವಾದ ಪೋಲೀಸ್ ಅಧಿಕಾರಿಯು ದಂಡವನ್ನು ಕೈಬಿಟ್ಟು ಭೇದವನ್ನು ಹಿಡಿದರೆ ಏನಾಗುತ್ತದೆ? 2021ರ ನವೆಂಬರಿನಲ್ಲಿ ತೆರೆಗೆ ಬಂದ ‘ಗರುಡ ಗಮನ ವೃಷಭ ವಾಹನ’ ಎಂಬ ಕನ್ನಡ ಚಿತ್ರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಜ್ ಬಿ. ಶೆಟ್ಟಿಯವರು ಈ ಚಿತ್ರದ ಕರ್ತೃ, ನಿರ್ದೇಶಕ ಹಾಗೂ ಪಾತ್ರಧಾರಿ. ಕನ್ನಡ ಉಪನ್ಯಾಸಕನೊಬ್ಬನನ್ನು ನಾಯಕನನ್ನಾಗಿಸಿದ ‘ಒಂದು ಮೊಟ್ಟೆಯ ಕಥೆ’ (2017) ಅವರ ಮೊದಲ ಚಿತ್ರವಾದುದರಿಂದ ಕಾಲೇಜಿನ ಓದುಗರಿಗೆ ಅವರು ಅಪರಿಚಿತರಲ್ಲ. ಆ ಹಾಸ್ಯಚಿತ್ರದಿಂದ ಈ ಘೋರಕಥನಕ್ಕೆ ಅವರು ಬಂದುದು ಬಹಳ ದೂರದ ನಡೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಎರಡರಲ್ಲಿಯೂ ತನ್ನ ವಿಷಯದಲ್ಲಿ ತನಗೇ ನಂಬಿಕೆಯಿಲ್ಲದ ಮನುಷ್ಯನೊಬ್ಬನು ಕಥೆಯ ನಡುವೆ ನಿಂತಿದ್ದಾನೆ. ಮೊದಲನೆಯದರಲ್ಲಿ ಆತನ ಅಳುಕು ನಗೆಯನ್ನು ಹುಟ್ಟಿಸುತ್ತದೆ. ಎರಡನೆಯದರಲ್ಲಿ ಕೊಲೆಗಳನ್ನು ಹುಟ್ಟಿಸುತ್ತದೆ.

2

ಅಪರಾಧಕಥನವನ್ನು ನಮ್ಮ ವಿಮರ್ಶೆಯು ಬಹುಕಾಲ ಪಂಕ್ತಿಯಿಂದ ಹೊರಗೆ ಕೂರಿಸಿದೆ. ಆದರೆ ಕಳ್ಳ ಮತ್ತು ಕಾವಲುಗಾರರ ಕಥೆ ಕನ್ನಡದಲ್ಲಿ ಹೊಸದೇನೂ ಅಲ್ಲ. ಕನ್ನಡ ಗದ್ಯದ ಪ್ರಾಚೀನ ಕೃತಿಯಾದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ವಿದ್ಯುಚ್ಚೋರನೂ ಯಮದಂಡನೆಂಬ ತಳಾರನೂ ಬಾಲ್ಯದಲ್ಲಿ ಕೂಡಿ ಕಲಿತವರು. ಒಬ್ಬನು ಕಳ್ಳರ ವಿದ್ಯೆಯನ್ನೂ ಮತ್ತೊಬ್ಬನು ತಳಾರರ ವಿದ್ಯೆಯನ್ನೂ ಅರಿತರು. ಮುಂದೆ ಅರಮನೆಯಲ್ಲಿ ಕಳವಾದಾಗ ಅರಸನು ತಳಾರನಿಗೆ ಗಡುವು ಹಾಕುತ್ತಾನೆ. ಅಷ್ಟರಲ್ಲಿ ಕಳ್ಳನು ಸಿಕ್ಕದಿದ್ದರೆ ಕಳ್ಳನಿಗೆ ಆಗತಕ್ಕ ಶಿಕ್ಷೆ ತಳಾರನಿಗೇ ಆಗಬೇಕು. ಕಾವಲುಗಾರನ ಮೇಲೆ ಕಳ್ಳನಿಗಿಂತ ಹೆಚ್ಚಿನ ಭಯವನ್ನು ಅರಮನೆಯೇ ಹೇರುವ ಈ ಸನ್ನಿವೇಶವನ್ನು ನಾವು ಮರೆಯಬಾರದು. ಒಂದು ಸಾವಿರ ವರ್ಷಗಳ ತರುವಾಯ ಮಂಗಳೂರಿನ ಠಾಣೆಯೊಂದರಲ್ಲಿ ಅದೇ ಭಯವು ಮತ್ತೆ ಕುಳಿತಿದೆ.

ಆಧುನಿಕ ಕನ್ನಡ ಚಿತ್ರಗಳಲ್ಲಿ ಈ ಬಗೆಯ ಕಥನಕ್ಕೆ ಪ್ರಸಿದ್ಧಿಯನ್ನು ತಂದುದು ಉಪೇಂದ್ರರ ‘ಓಂ’ (1995). ಅರ್ಚಕನ ಮಗನು ರೌಡಿಯಾಗುವ ಆ ಕಥೆಯಲ್ಲಿ ಬೆಂಗಳೂರಿನ ಪಾತಕಲೋಕದ ಕೆಲವರು ತಾವೇ ತೆರೆಯ ಮೇಲೆ ಕಾಣಿಸಿಕೊಂಡರು. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಎಂಬ ಆತ್ಮಕಥನವನ್ನು ಆಧರಿಸಿದ ‘ಆ ದಿನಗಳು’ (2007) ಇನ್ನೊಂದು ಮುಖ್ಯ ಕೃತಿ. ಆ ಲೋಕದಲ್ಲಿ ಬಾಳಿದವರೇ ಅದನ್ನು ನಿರೂಪಿಸಿದುದರಿಂದ ಅದಕ್ಕೆ ಸಾಕ್ಷ್ಯದ ಬೆಲೆ ಬಂದಿತು. ಈ ಎರಡು ಮಾದರಿಗಳಲ್ಲಿಯೂ ಕಥೆಯ ಕೇಂದ್ರವು ರೌಡಿಯ ಅಂತರಂಗವೇ. ಸಾಮಾನ್ಯ ಚಿತ್ರಗಳಲ್ಲಿಯಂತೂ ಪೋಲೀಸರು ಎರಡೇ ಅಚ್ಚಿನಲ್ಲಿ ಎರಕಗೊಂಡವರು: ಲಂಚಕೋರನೊಬ್ಬ, ವೀರನೊಬ್ಬ. ಲಂಚಕೋರನು ಹಣಕ್ಕಾಗಿ ಕಾನೂನನ್ನು ಮುರಿಯುತ್ತಾನೆ. ವೀರನು ನ್ಯಾಯಕ್ಕಾಗಿ ಅದನ್ನೇ ಮುರಿಯುತ್ತಾನೆ. ಕಾನೂನಿಗೆ ಮಾತ್ರ ಇಬ್ಬರಿಂದಲೂ ಒಂದೇ ಗತಿ.

‘ಗರುಡ ಗಮನ ವೃಷಭ ವಾಹನ’ವು ಈ ಎರಡು ಅಚ್ಚುಗಳನ್ನೂ ಬದಿಗಿಟ್ಟು ಮೂರನೆಯ ಮನುಷ್ಯನನ್ನು ತಂದಿದೆ. ಆತನು ಅಂಜಿದ ಪೋಲೀಸನು.

3

ಕಥೆಯ ನೆಲೆ ಮಂಗಳೂರಿನ ಮಂಗಳಾದೇವಿಯ ಪರಿಸರ. ಬಾವಿಯಲ್ಲಿ ಸಿಕ್ಕ ಅನಾಥ ಬಾಲಕನೊಬ್ಬನನ್ನು ಹರಿಯ ತಾಯಿ ತನ್ನ ಮಗನಂತೆ ಸಾಕುತ್ತಾಳೆ. ಅವನೇ ಶಿವ. ಹರಿ, ಶಿವ ಇಬ್ಬರೂ ಒಡಹುಟ್ಟಿದವರಂತೆ ಬೆಳೆಯುತ್ತಾರೆ. ಹರಿಗೆ ಅಪಾಯ ಬಂದಾಗಲೆಲ್ಲ ಶಿವನ ಕೈ ಏಳುತ್ತದೆ. ಆ ಕೈಯ ಬಲದಿಂದ ಇಬ್ಬರೂ ಆ ನೆರೆಹೊರೆಯನ್ನು ಆಳುವವರಾಗುತ್ತಾರೆ. ಹರಿಯು ವ್ಯವಹಾರದ ಕಡೆಗೆ, ಆಸ್ತಿಪಾಸ್ತಿಗಳ ಕಡೆಗೆ ಸರಿಯುತ್ತಾನೆ. ಶಿವನು ಮೈದಾನದ ಹುಡುಗರೊಡನೆ ಕ್ರಿಕೆಟ್ ಆಡುತ್ತ, ಮನಸ್ಸು ಕೆರಳಿದಾಗ ಕೊಲ್ಲುತ್ತ ಉಳಿಯುತ್ತಾನೆ. ಇವರಿಬ್ಬರ ಎದುರಿಗೆ ಬಂದು ನಿಂತವನು ಬ್ರಹ್ಮಯ್ಯನೆಂಬ ಸಬ್‌ಇನ್‌ಸ್ಪೆಕ್ಟರ್. ಇವನಿಗೆ ಆ ಊರೂ ಬೇಡ, ಆ ಹೊಣೆಯೂ ಬೇಡ. ಮೇಲಿನಿಂದ ರಾಜಕಾರಣಿಯ ಒತ್ತಡ, ಕೆಳಗಿನಿಂದ ಪಾತಕಿಗಳ ಭಯ. ನೇರವಾಗಿ ಎದುರಿಸಲಾರದ ಈ ಅಧಿಕಾರಿಯು ಕೊನೆಗೆ ಕಂಡುಕೊಂಡ ಹಾದಿಯೆಂದರೆ ಆ ಇಬ್ಬರ ಸ್ನೇಹವನ್ನೇ ಒಡೆಯುವುದು. ಚಿತ್ರ ಮುಗಿಯುವ ವೇಳೆಗೆ ಸ್ನೇಹವೂ ಉಳಿಯುವುದಿಲ್ಲ, ಸ್ನೇಹಿತರೂ ಉಳಿಯುವುದಿಲ್ಲ.

ಹರಿಯ ಪಾತ್ರದಲ್ಲಿ ರಿಷಬ್ ಶೆಟ್ಟಿ, ಶಿವನ ಪಾತ್ರದಲ್ಲಿ ನಿರ್ದೇಶಕರೇ, ಬ್ರಹ್ಮಯ್ಯನ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಅಭಿನಯಿಸಿದ್ದಾರೆ. ಕುಗ್ಗಿದ ಭುಜ, ತಡೆದು ತಡೆದು ಬರುವ ಮಾತು, ಅಧಿಕಾರದ ಉಡುಪಿನೊಳಗೆ ಮುದುಡಿದ ಸಾಮಾನ್ಯ ಗೃಹಸ್ಥ ಇವೆಲ್ಲವನ್ನೂ ದೇಶಪಾಂಡೆಯವರು ಕಣ್ಣಿಗೆ ಕಟ್ಟುವಂತೆ ತಂದಿದ್ದಾರೆ. ಚಿತ್ರದ ಮನಶ್ಶಾಸ್ತ್ರೀಯ ಸತ್ತ್ವವೆಲ್ಲ ಈ ಪಾತ್ರದಲ್ಲಿ ನೆಲೆಗೊಂಡಿದೆಯೆಂದರೆ ಅತಿಶಯೋಕ್ತಿಯಾಗದು.

4

ಮೂರು ಹೆಸರುಗಳು ತ್ರಿಮೂರ್ತಿಗಳವೆಂಬುದು ಯಾರಿಗಾದರೂ ಹೊಳೆಯುವ ಮಾತು. ಇದನ್ನು ಬರಿಯ ಅಲಂಕಾರವೆಂದು ಬಿಡುವಂತಿಲ್ಲ. ರಾಣೆಬೆನ್ನೂರಿನಿಂದ ಮೂಡಲಿಗೆ ತುಂಗಭದ್ರೆಯನ್ನು ದಾಟಿದರೆ ಹರಿಹರವಿದೆ. ಅಲ್ಲಿಯ 13ನೆಯ ಶತಮಾನದ ಹೊಯ್ಸಳ ದೇಗುಲದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯ ಎರಡು ಅರ್ಧಗಳು. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವಿಲ್ಲವೆಂಬ ವರವನ್ನು ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಚಿತ್ರವು ಈ ಕಥೆಯನ್ನು ನೆನೆದು ರಚಿತವಾಯಿತೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರದ ಅರ್ಥವು ತಿಳಿಯಾಗುತ್ತದೆ. ಪುರಾಣದಲ್ಲಿ ಲೋಕರಕ್ಷಣೆಗಾಗಿ ಇಬ್ಬರು ಒಂದಾದರು. ಇಲ್ಲಿ ಊರಿನ ರಕ್ಷಣೆಯ ಹೆಸರಿನಲ್ಲಿ ಒಂದಾಗಿದ್ದವರನ್ನು ಇಬ್ಬರನ್ನಾಗಿ ಮಾಡಲಾಗುತ್ತದೆ.

ಬ್ರಹ್ಮನ ಹೆಸರಿನಲ್ಲಿ ಇದಕ್ಕಿಂತ ಆಳವಾದ ಸೂಚನೆಯಿದೆ. ಚಿತ್ರದ ಕಥೆಯನ್ನು ನಮಗೆ ಹೇಳುವವನು ಬ್ರಹ್ಮಯ್ಯನು. ಶಿವನ ಮನಸ್ಸಿನ ವಿಷಯವಾಗಿ ನಮಗೆ ತಿಳಿದುಬರುವುದರಲ್ಲಿ ಬಹುಭಾಗ ಈ ಪೋಲೀಸನ ಊಹೆಯ ಮೂಲಕ ಬಂದುದು. ಲಿಂಗೋದ್ಭವದ ಕಥೆಯನ್ನು ಇಲ್ಲಿ ನೆನೆಯಬೇಕು. ಆದ್ಯಂತಗಳಿಲ್ಲದ ಜ್ಯೋತಿಸ್ತಂಭದ ಬುಡವನ್ನು ಅರಸಿ ಹೋದ ವಿಷ್ಣುವು ಕಾಣದೆ ಹಿಂದಿರುಗಿ ಸೋಲನ್ನೊಪ್ಪಿದನು. ತುದಿಯನ್ನು ಅರಸಿ ಹೋದ ಬ್ರಹ್ಮನು ಕಾಣದಿದ್ದರೂ ಕಂಡೆನೆಂದು ಕೇದಗೆಯಿಂದ ಸಾಕ್ಷಿ ನುಡಿಸಿದನು. ಶಿವನ ತುದಿಯನ್ನು ಕಂಡೆನೆಂದು ಸುಳ್ಳಾಡಿದ ದೇವನ ಹೆಸರು ಈ ನಿರೂಪಕನಿಗಿದೆ. ಆದುದರಿಂದ ಈತನ ಕಥನವನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಏಳದಿರದು. ಶಿವನು ಅರ್ಥವಾಗದ ಘೋರಜೀವಿ ಎಂದು ಹೇಳುವುದರಿಂದ ಬ್ರಹ್ಮಯ್ಯನಿಗೆ ಪ್ರಯೋಜನವುಂಟು: ಶಿವನು ಮನುಷ್ಯನೇ ಅಲ್ಲವಾದರೆ ಅವನ ವಿಷಯದಲ್ಲಿ ಮನುಷ್ಯನ್ಯಾಯವನ್ನು ನಡೆಸಬೇಕಾದ ಹೊಣೆಯೂ ಇಲ್ಲ. ‘ಆ ದಿನಗಳು’ ಚಿತ್ರದ ಮೂಲದಲ್ಲಿ ಮಾಡಿದವನ ಸಾಕ್ಷ್ಯವಿದೆ. ಇಲ್ಲಿರುವುದು ಮಾಡಿಸಿದವನ ಸಾಕ್ಷ್ಯ. ಈ ವ್ಯತ್ಯಾಸವನ್ನು ಗಮನಿಸದೆ ಚಿತ್ರವನ್ನು ಶಿವನ ಕಥೆಯೆಂದಷ್ಟೇ ನೋಡಿದವರು ಅದರ ಅರ್ಧವನ್ನು ಮಾತ್ರ ನೋಡಿದ್ದಾರೆ.

ಆದರೂ ಶಿವನ ಪಾತ್ರವು ನಿರೂಪಕನ ಹಿಡಿತವನ್ನು ಮೀರುವ ಕ್ಷಣಗಳಿವೆ. ಕೊಲೆಯ ಬಳಿಕ ಆತನು ಹುಲಿವೇಷದ ಹೆಜ್ಜೆಗಳನ್ನು ಹಾಕುವ ದೃಶ್ಯವು ಇದಕ್ಕೆ ನಿದರ್ಶನ. ತುಳುನಾಡಿನ ದಸರೆಯಲ್ಲಿ ಹುಲಿವೇಷವು ಊರಿಗೆ ಊರೇ ಕೂಡಿ ಆಡುವ ಕುಣಿತ. ತಾಸೆಯ ಬಡಿತ, ಜನರ ಗುಂಪು, ದೇವಿಯ ಸನ್ನಿಧಿ ಎಲ್ಲವೂ ಅದಕ್ಕೆ ಬೇಕು. ಅಲ್ಲಿ ಮೃಗತ್ವವು ವೇಷವಾಗಿ ಬಂದು, ಹಬ್ಬ ಮುಗಿದಾಗ ಬಣ್ಣದೊಡನೆ ತೊಳೆದುಹೋಗುತ್ತದೆ. ಶಿವನು ಅದನ್ನು ಬಣ್ಣವಿಲ್ಲದೆ ಒಬ್ಬನೇ ಕುಣಿಯುತ್ತಾನೆ. ಅವನಲ್ಲಿ ಕಳಚಬೇಕಾದ ವೇಷವೇ ಇಲ್ಲ. ಸಮುದಾಯವು ಆಚರಣೆಯ ಮೂಲಕ ಪಳಗಿಸುವ ಹಿಂಸೆಯು ಯಾರಿಗೂ ಸೇರದವನಲ್ಲಿ ಪಳಗದೆ ಉಳಿದಿದೆ ಎಂಬುದನ್ನು ಒಂದು ಮಾತೂ ಇಲ್ಲದೆ ಈ ದೃಶ್ಯವು ತಿಳಿಸುತ್ತದೆ. ಮಾದೇಶ್ವರ ಪರಂಪರೆಯ ಪ್ರಸಿದ್ಧವಾದ ಜನಪದ ಗೀತೆಯೊಂದನ್ನು ಚಿತ್ರದಲ್ಲಿ ಬಳಸಿಕೊಂಡಿರುವುದೂ ಇದೇ ಬಗೆಯ ಪರಿಣಾಮಕ್ಕಾಗಿ. ಭಕ್ತಿಯ ನಾದವು ಕ್ರೌರ್ಯದ ಕಥೆಯೊಳಗೆ ಕೇಳಿಬಂದಾಗ ನೋಡುವವನ ಮನಸ್ಸು ಎರಡಾಗಿ ಸೀಳುತ್ತದೆ.

5

ಭೇದೋಪಾಯದ ಕಥೆಗೆ ಕನ್ನಡದಲ್ಲಿ ಬಹುಪ್ರಾಚೀನವಾದ ಮಾದರಿಯುಂಟು. ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿ ಬರೆದ ‘ಪಂಚತಂತ್ರ’ದ ಮೊದಲ ಪ್ರಕರಣದ ಹೆಸರೇ ಭೇದ. ಕಾಡಿನಲ್ಲಿ ಒಂಟಿಯಾಗಿ ಉಳಿದ ವೃಷಭವೊಂದು ಸಿಂಹಕ್ಕೆ ಪರಮಮಿತ್ರನಾಗುತ್ತದೆ. ಅಧಿಕಾರವನ್ನು ಕಳೆದುಕೊಂಡ ನರಿಯೊಂದು ಇಬ್ಬರ ಕಿವಿಗಳಲ್ಲಿಯೂ ಸಂಶಯವನ್ನು ಬಿತ್ತಿ, ಸಿಂಹದಿಂದಲೇ ವೃಷಭವನ್ನು ಕೊಲ್ಲಿಸುತ್ತದೆ. ಸಂಧಿವಿಗ್ರಹಗಳೇ ಕಸುಬಾಗಿದ್ದ ಕವಿಗೆ ಭೇದದ ಬಲವೂ ಗೊತ್ತಿತ್ತು, ಅದರ ಹೇಯತೆಯೂ ಗೊತ್ತಿತ್ತು. ಬ್ರಹ್ಮಯ್ಯನು ಈ ನರಿಯ ವಂಶದವನು. ವ್ಯತ್ಯಾಸವಿಷ್ಟೆ: ನರಿಗೆ ಪದವಿಯ ಆಸೆ, ಬ್ರಹ್ಮಯ್ಯನಿಗೆ ಪದವಿಯಿಂದ ಪಾರಾಗುವ ಆಸೆ.

ಹೊರಗಿನ ಸಾಹಿತ್ಯದಲ್ಲಿಯೂ ಈ ವಸ್ತು ಪರಿಚಿತವೇ. ಅಮೆರಿಕದ ಡ್ಯಾಶಿಯಲ್ ಹ್ಯಾಮೆಟ್ಟನ ‘ರೆಡ್ ಹಾರ್ವೆಸ್ಟ್’ (1929) ಕಾದಂಬರಿಯಲ್ಲಿ ಪೋಲೀಸರೂ ಪಾತಕಿಗಳೂ ಒಂದಾಗಿ ಕೆಡಿಸಿದ ಪಟ್ಟಣಕ್ಕೆ ಹೆಸರಿಲ್ಲದ ಪತ್ತೇದಾರನೊಬ್ಬನು ಬಂದು, ಗುಂಪುಗಳನ್ನು ಪರಸ್ಪರ ಕಾದಾಡಿಸಿ ಅಳಿಸುತ್ತಾನೆ. ಅಷ್ಟರಲ್ಲಿ ತನಗೂ ರಕ್ತದ ರುಚಿ ಹತ್ತುತ್ತಿದೆಯೆಂದು ಕಂಡು ತಾನೇ ಬೆಚ್ಚುತ್ತಾನೆ. ಜಪಾನಿನ ಅಕಿರ ಕುರೊಸಾವನ ‘ಯೋಜಿಂಬೊ’ (1961) ಚಿತ್ರದ ಅಲೆಮಾರಿ ಯೋಧನು ಇದೇ ಆಟವನ್ನು ನಗುತ್ತ ಆಡುತ್ತಾನೆ. ಈ ಇಬ್ಬರೂ ಧೀರರು. ಕತ್ತಿ ಹಿಡಿದು ಎದುರಿಗೆ ನಿಲ್ಲಬಲ್ಲವರು. ಬ್ರಹ್ಮಯ್ಯನು ನಿಲ್ಲಲಾರದವನು. ಆದುದರಿಂದ ನೋಡುವವನಿಗೆ ಅವನ ಜಾಣ್ಮೆಯ ವಿಷಯದಲ್ಲಿ ಮೆಚ್ಚುಗೆ ಹುಟ್ಟುವುದಿಲ್ಲ. ಒಂದು ಬಗೆಯ ಕರುಣೆಯೂ ಅದರ ಬೆನ್ನಿಗೇ ನಾಚಿಕೆಯೂ ಹುಟ್ಟುತ್ತವೆ. ಚಿತ್ರದ ಸ್ವಂತಿಕೆಯಿರುವುದು ಇಲ್ಲಿಯೇ.

ಭ್ರಷ್ಟತೆಯೆಂದರೆ ಲಂಚವೆಂದು ಮಾತ್ರ ತಿಳಿದವರಿಗೆ ಬ್ರಹ್ಮಯ್ಯನು ಭ್ರಷ್ಟನಾಗಿ ತೋರಲಾರನು. ಆದರೆ ತನ್ನ ಪದವಿಗೆ ವಿಹಿತವಾದ ಉಪಾಯವನ್ನು ಬಿಟ್ಟು ನಿಷಿದ್ಧವಾದುದನ್ನು ಹಿಡಿಯುವುದು ಲಂಚಕ್ಕಿಂತಲೂ ಮೂಲಭೂತವಾದ ಭ್ರಂಶ. ಇದರ ಬೇರು ಅವನ ಗುಣದಲ್ಲಿ ಮಾತ್ರವಿಲ್ಲ, ವ್ಯವಸ್ಥೆಯಲ್ಲಿಯೂ ಇದೆ. ಪೋಲೀಸ್ ಅಧಿಕಾರಿಗಳನ್ನು ಹೆದರಿಸುವ ದೊಡ್ಡ ಆಯುಧವೆಂದರೆ ವರ್ಗಾವಣೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಗುರುತಿಸಿಯೇ ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದೂ, ವರ್ಗಾವಣೆಗಳನ್ನು ನೋಡಿಕೊಳ್ಳಲು ಮಂಡಲಿಯೊಂದು ಇರಬೇಕೆಂದೂ, ಪೋಲೀಸರ ಮೇಲಿನ ದೂರುಗಳಿಗೆ ಪ್ರಾಧಿಕಾರವಿರಬೇಕೆಂದೂ ಆದೇಶಿಸಿತು. ಕರ್ನಾಟಕವು 1963ರ ತನ್ನ ಪೋಲೀಸ್ ಅಧಿನಿಯಮಕ್ಕೆ 2012ರಲ್ಲಿ ಇದರ ಮೇರೆಗೆ ತಿದ್ದುಪಡಿ ತಂದಿತು. ಅಧಿಕಾರಿಯ ನಿರ್ಭೀತಿಗೂ ಪ್ರಜೆಯ ರಕ್ಷಣೆಗೂ ಸಂಬಂಧವಿದೆಯೆಂಬ ತತ್ತ್ವವೇ ಆ ಆದೇಶದ ಆಧಾರ. ಬ್ರಹ್ಮಯ್ಯನು ಈ ತತ್ತ್ವಕ್ಕೆ ವ್ಯತಿರೇಕವಾದ ನಿದರ್ಶನ. ಅವನಿಗೆ ಊರನ್ನು ಕಾಯುವುದಕ್ಕಿಂತ ಊರನ್ನು ಬಿಟ್ಟುಹೋಗುವುದೇ ಮೋಕ್ಷ.

6

ಇನ್ನು ಭೇದಕ್ಕೆ ಪ್ರತಿಯಾಗಿ ನ್ಯಾಯವು ಹೇಗಿರಬೇಕೆಂಬುದನ್ನು ಅರಿಯಲು ನಾವು ಕಾಗಿನೆಲೆಯ ಕಡೆಗೆ ತಿರುಗಬಹುದು. ಇಬ್ಬರು ಸ್ಪರ್ಧಿಗಳು, ಅವರ ಮೇಲೆ ಒಬ್ಬ ಅಧಿಕಾರಿ ಎಂಬ ಇದೇ ಸನ್ನಿವೇಶವು ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿದೆ. ಬಾಡದಲ್ಲಿ ಹುಟ್ಟಿದ ಕನಕದಾಸರು ಮೊದಲು ದಂಡನಾಯಕರಾಗಿದ್ದು, ಯುದ್ಧದಲ್ಲಿ ಗಾಯಗೊಂಡ ಬಳಿಕ ಆಯುಧವನ್ನು ತ್ಯಜಿಸಿದರೆಂಬುದು ಈ ಪ್ರಾಂತದ ಪರಂಪರಾಗತ ನಂಬಿಕೆ. ಹಾವೇರಿ, ಬ್ಯಾಡಗಿ, ಶಿಗ್ಗಾವಿಯ ಹಳ್ಳಿಗಳಲ್ಲಿ ಈ ಕಥೆಯನ್ನು ಅರಿಯದವರಿಲ್ಲ. ಕತ್ತಿಯ ಬಲವನ್ನು ಕಂಡು ಬಿಟ್ಟ ಕವಿಯು ನ್ಯಾಯನಿರ್ಣಯವನ್ನು ಹೇಗೆ ಚಿತ್ರಿಸಿದ್ದಾನೆಂಬುದು ಆದಕಾರಣ ಗಮನಾರ್ಹವಾಗಿದೆ.

ಲಂಕೆಯಿಂದ ಹಿಂದಿರುಗುವ ಶ್ರೀರಾಮನ ಎದುರಿಗೆ ಧಾನ್ಯಗಳಲ್ಲಿ ಹಿರಿದಾವುದೆಂಬ ವಾದ ಏಳುತ್ತದೆ. ವ್ರೀಹಿಯು ಕುಲವನ್ನೆತ್ತಿ ನರೆದಲೆಗನನ್ನು ಹಳಿಯುತ್ತದೆ, ನರೆದಲೆಗನೂ ಸುಮ್ಮನಿರುವುದಿಲ್ಲ. ಜಗಳ ಬೆಳೆಯುತ್ತದೆ. ರಾಮನು ಒಬ್ಬರ ಮೇಲೊಬ್ಬರನ್ನು ಬಿಡಲಿಲ್ಲ. ದುರ್ಬಲನೆಂದು ಒಬ್ಬನನ್ನು ಅಲ್ಲಿಯೇ ತಳ್ಳಿಹಾಕಲೂ ಇಲ್ಲ. ಇಬ್ಬರನ್ನೂ ಆರು ತಿಂಗಳ ಕಾಲ ಸೆರೆಯಲ್ಲಿರಿಸಿದನು. ಅವಧಿ ಮುಗಿದ ಮೇಲೆ ತುಂಬಿದ ಸಭೆಗೆ ಕರೆಯಿಸಿ ನೋಡಿದಾಗ ವ್ರೀಹಿಯು ಸತ್ತ್ವಗುಂದಿತ್ತು, ನರೆದಲೆಗನು ಕುಂದಿರಲಿಲ್ಲ. ರಾಘವನ ಹೆಸರೇ ರಾಗಿಗೆ ಪ್ರಾಪ್ತವಾಯಿತು. ಸೋತ ವ್ರೀಹಿಗೂ ಸಾಂತ್ವನ ದೊರೆಯಿತು.

ಮೇಲುಕೀಳುಗಳ ವಿಡಂಬನೆಯೆಂದು ಈ ಕಾವ್ಯವನ್ನು ವಿದ್ವಾಂಸರು ವಿವೇಚಿಸಿದ್ದಾರೆ, ಅದು ಯುಕ್ತವೇ. ಆದರೆ ಅದರಲ್ಲಿ ನ್ಯಾಯವಿಧಾನದ ಒಂದು ಪಾಠವೂ ಅಡಗಿದೆ. ಮೊದಲನೆಯದಾಗಿ, ತೀರ್ಪು ಕೊಡುವವನು ಇಬ್ಬರಿಗೂ ಒಂದೇ ಬಂಧನವನ್ನು ವಿಧಿಸುತ್ತಾನೆ. ಎರಡನೆಯದಾಗಿ, ತೀರ್ಪಿಗೆ ಮುನ್ನ ಕಾಲವನ್ನು ಕೊಡುತ್ತಾನೆ. ಆ ಕ್ಷಣದ ಕೋಪಕ್ಕೆ ಅಲ್ಲಿ ಎಡೆಯಿಲ್ಲ. ಮೂರನೆಯದಾಗಿ, ತೀರ್ಪನ್ನು ಎಲ್ಲರ ಸಮಕ್ಷಮದಲ್ಲಿ ಹೇಳುತ್ತಾನೆ. ನಾಲ್ಕನೆಯದಾಗಿ, ಸೋತವನನ್ನು ನಾಶಮಾಡುವುದಿಲ್ಲ. ಬ್ರಹ್ಮಯ್ಯನ ಹೂಟದಲ್ಲಿ ಈ ನಾಲ್ಕೂ ತಲೆಕೆಳಗಾಗಿವೆ. ಅಲ್ಲಿ ಸಮಾನತೆಯಿಲ್ಲ, ವಿಳಂಬವಿಲ್ಲ, ಸಭೆಯಿಲ್ಲ, ಉಳಿವಿಲ್ಲ. ರಾಮನ ಸೆರೆಯು ಸತ್ತ್ವವನ್ನು ಹೊರಗೆಡಹುವ ಪರೀಕ್ಷೆ. ಬ್ರಹ್ಮಯ್ಯನ ಮಾತು ಒಳಗಿನ ವಿಷವನ್ನು ಉಕ್ಕಿಸುವ ಕಿಡಿ. ಹರಿಯಲ್ಲಿ ಲೋಭವೂ ಭಯವೂ ಮೊದಲೇ ಇದ್ದುದರಿಂದ ಕಿಡಿ ಹತ್ತಿತೆಂಬುದು ನಿಜ. ಆದರೆ ಮನುಷ್ಯನ ಅತಿ ಕೀಳಾದ ಭಾಗವನ್ನು ಹುಡುಕಿ ಅದಕ್ಕೆ ಬೆಂಕಿಯಿಡುವುದು ರಕ್ಷಕನ ಕೆಲಸವಲ್ಲ.

7

ಚಿತ್ರದಲ್ಲಿ ದೋಷಗಳಿಲ್ಲವೆನ್ನುವಂತಿಲ್ಲ. ಹರಿಯ ತಾಯಿಯನ್ನು ಬಿಟ್ಟರೆ ಸ್ತ್ರೀಪಾತ್ರಗಳಿಗೆ ಇಲ್ಲಿ ಎಡೆ ಬಹಳ ಕಿರಿದು. ಆ ತಾಯಿಯೂ ಕಥೆಗೆ ಕಾರಣಳಾಗಿ ಬಂದು ಕಥೆಯ ಹೊರಗೆ ಉಳಿಯುತ್ತಾಳೆ. ಕೊಲೆಯಾದವರ ಮನೆಗಳಲ್ಲಿ ಏನಾಯಿತೆಂಬುದನ್ನು ಚಿತ್ರವು ಬಹುಮಟ್ಟಿಗೆ ಕೇಳುವುದಿಲ್ಲ. ರಾಜಕಾರಣಿಯ ಪಾತ್ರವು ಹಳೆಯ ಅಚ್ಚಿನದೇ. ಇವುಗಳಿಗಿಂತ ಮುಖ್ಯವಾದ ಆಕ್ಷೇಪವು ಬೇರೊಂದುಂಟು. ದೇವರ ಹೆಸರು, ಪ್ರವೀಣ್ ಶ್ರಿಯಾನರ ಕ್ಯಾಮರಾದ ನಿಧಾನವಾದ ನೋಟ, ಮಿಥುನ್ ಮುಕುಂದನ್ನರ ಗಂಭೀರವಾದ ಸಂಗೀತ ಇವೆಲ್ಲ ಸೇರಿ ಕೊಲೆಗೆ ಒಂದು ಭವ್ಯತೆಯನ್ನು ತಂದುಕೊಡುತ್ತವೆ. ಶಿವನೆಂಬ ಹೆಸರಿನ ಹಂತಕನನ್ನು ಲಯಕರ್ತನೆಂದು ಭಾವಿಸಿ ತಲೆದೂಗುವುದು ನೋಡುವ ತರುಣರಿಗೆ ಸುಲಭ. ರೌದ್ರವು ರಸವಾಗಬೇಕಾದರೆ ಆಲಂಬನಕ್ಕೆ ಔಚಿತ್ಯವಿರಬೇಕೆಂದು ನಮ್ಮ ಆಲಂಕಾರಿಕರು ಹೇಳಿದ ಮಾತು ಇಲ್ಲಿ ಅನ್ವಯಿಸುತ್ತದೆ. ಔಚಿತ್ಯ ತಪ್ಪಿದಲ್ಲಿ ಉಳಿಯುವುದು ರಸಾಭಾಸ.

ಈ ಆಕ್ಷೇಪಕ್ಕೆ ಚಿತ್ರವೇ ಒಂದು ಉತ್ತರವನ್ನು ಇಟ್ಟುಕೊಂಡಿದೆ. ಶಿವನೊಡನೆ ಆಡುವ ಮೈದಾನದ ಹುಡುಗರನ್ನು ಅದು ಮರೆಯುವುದಿಲ್ಲ. ದೊಡ್ಡವರ ಕತ್ತಿಗಳು ಏಳುವುದೂ ಬೀಳುವುದೂ ಆ ಮಕ್ಕಳ ಕಣ್ಣೆದುರಿಗೆ. ಹರಿ ಶಿವರು ಅಳಿದರೆ ಠಾಣೆಯ ಕಡತ ಮುಚ್ಚಬಹುದು. ಆ ಕಣ್ಣುಗಳು ಮುಚ್ಚುವುದಿಲ್ಲ. ಭೇದದಿಂದ ಸಿಕ್ಕ ಶಾಂತಿಯ ಆಯುಷ್ಯ ಎಷ್ಟೆಂಬುದನ್ನು ಇದರಿಂದ ಅಳೆಯಬಹುದು.

ಪಾತಕಿಗಳು ತಮ್ಮ ತಮ್ಮಲ್ಲಿಯೇ ಬಡಿದಾಡಿ ಸತ್ತರೆ ನಮಗೇನು ನಷ್ಟ ಎಂಬ ಮಾತು ಸಭ್ಯರ ಬಾಯಲ್ಲಿಯೂ ಕೇಳಿಬರುವುದುಂಟು. ಈ ಚಿತ್ರವನ್ನು ನೋಡುತ್ತಿರುವಾಗ ಬ್ರಹ್ಮಯ್ಯನ ಹೂಟವು ಫಲಿಸಲೆಂದು ನಾವೂ ಒಂದು ಗಳಿಗೆ ಹಾರೈಸುತ್ತೇವೆ. ಅವನ ಬಿಡುಗಡೆಯು ನಮ್ಮ ಬಿಡುಗಡೆಯೂ ಆಗಿ ತೋರುತ್ತದೆ. ಆ ಗಳಿಗೆಯಲ್ಲಿ ನಾವು ಕೊಟ್ಟ ಸಮ್ಮತಿಯು ಯಾವುದಕ್ಕೆ ಎಂದು ಆಮೇಲೆ ಯೋಚಿಸಿದರೆ ಮನಸ್ಸು ಅಳುಕುತ್ತದೆ. ಸಾಕ್ಷ್ಯವಿಲ್ಲದೆ, ವಿಚಾರಣೆಯಿಲ್ಲದೆ, ಹೆಸರಿಲ್ಲದೆ ನಡೆಯುವ ದಂಡನೆಗೆ ನಾವು ಒಪ್ಪಿದ್ದೇವೆ. ಇಂದು ಅದು ಹಂತಕನ ಮೇಲೆ ನಡೆಯಿತು. ಮರೆಯಲ್ಲಿ ನಡೆಯುವ ಕಾರ್ಯಕ್ಕೆ ನಾಳೆ ಯಾರನ್ನು ಗುರಿಮಾಡಬೇಕೆಂದು ಹೇಳುವ ಅಧಿಕಾರವು ನಮ್ಮಲ್ಲಿ ಉಳಿದಿರುವುದಿಲ್ಲ.

ಕನ್ನಡದ ತರಗತಿಗಳಲ್ಲಿ ‘ರಾಮಧಾನ್ಯ ಚರಿತೆ’ಯನ್ನು ಬೋಧಿಸುವವರು ಈ ಚಿತ್ರವನ್ನೂ, ಚಿತ್ರವನ್ನು ಮೆಚ್ಚಿದ ವಿದ್ಯಾರ್ಥಿಗಳು ಆ ಕಾವ್ಯವನ್ನೂ ಒಟ್ಟಿಗೆ ಇಟ್ಟು ನೋಡುವುದು ಲೇಸು. ಒಂದರಲ್ಲಿ ಅಧಿಕಾರವು ಯಾರಿಗೂ ಅಂಜದ ಕಾರಣ ಆರು ತಿಂಗಳು ಕಾಯಬಲ್ಲುದು. ಇನ್ನೊಂದರಲ್ಲಿ ಅಧಿಕಾರವು ಎಲ್ಲರಿಗೂ ಅಂಜಿದ ಕಾರಣ ಕಾಯಲಾರದೆ ಕೊಲ್ಲಿಸುತ್ತದೆ.